ಗುರುಗಳ ಮನೆಗೆ ಟಿಕೆಟ್ ಕೊಂಡು ಹೋದ ದಿನ

ಸುಮಿತ್ರಕ್ಕ, ನಿಮಗೆ ಬರಬೇಡಿ ಎಂದವರು ಗುರುಗಳಲ್ಲ. ನಾನು. ಹಾಸಿಗೆ ಹಿಡಿದ ಮೂರನೆಯ ದಿನ ಅವರು ನನಗೆ ಹೇಳಿದ್ದು, "ಮುನಿರಾಜಾ, ಸುಮಿತ್ರಾಗ ಬಾ ಅಂತ ಹೇಳು" ಎಂದು. ನಾನು ಫೋನಿನಲ್ಲಿ ನಿಮಗೆ ಹೇಳಿದ್ದು — "ಗುರುಗಳು ಯಾರನ್ನೂ ನೋಡಲ್ಲ ಅಂತಾರೆ ಅಕ್ಕಾ. ನೀವಂತೂ ಬರೋದೇ ಬೇಡ ಅಂದ್ರು." ತಿರುಗಿ ಅವರಿಗೆ ಹೇಳಿದ್ದು — "ಅಕ್ಕನಿಗೆ ಬರೋಕಾಗಲ್ವಂತೆ ಗುರುಗಳೇ."

ಇಷ್ಟು ಬರೆಯಲು ಹನ್ನೆರಡು ವರ್ಷ ಬೇಕಾಯಿತು. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ನೀವು ಫೋನು ಇಟ್ಟುಬಿಟ್ಟಿರಿ. ಯಾಕೆ ಎನ್ನಲಿಲ್ಲ. ಆ ಮನೆಯ ಪದ್ಧತಿಯೇ ಹಾಗಲ್ಲವೇ — ಗುರುಗಳು ಕರೆದರೆ ಹೋಗಬೇಕು, ಬೇಡವೆಂದರೆ ಹೊಸಿಲು ತುಳಿಯಬಾರದು, ಕಾರಣ ಕೇಳಬಾರದು. ಅವರದೂ ಅಂಥದೇ ಹಟ. ಒಮ್ಮೆ ಕರೆದವರನ್ನು ಇನ್ನೊಮ್ಮೆ ಕರೆಯುವವರಲ್ಲ. ನಿಮ್ಮಿಬ್ಬರಲ್ಲಿ ಯಾರೂ ವಿಚಾರಿಸುವುದಿಲ್ಲವೆಂದು ನನಗೆ ಗೊತ್ತಿತ್ತು. ಅದು ಗೊತ್ತಿದ್ದೇ ಸುಳ್ಳು ಹೇಳಿದೆ.

ಯಾಕೆಂದು ಹೇಳುತ್ತೇನೆ. ನೆಪಕ್ಕಲ್ಲ, ನಿಮಗೆ ತಿಳಿದಿರಲಿ ಎಂದು. ತಮ್ಮ ಗುರುಗಳಿಂದ ಬಂದ ಒಂದು ಹಾಡನ್ನು, ಒಂದು ಬಂದಿಶನ್ನು, ಅವರು ಯಾರಿಗೂ ಕಲಿಸಿರಲಿಲ್ಲ. ಕೊನೆಗಾಲಕ್ಕೆ ಒಬ್ಬರಿಗೆ ಕೊಡುತ್ತೇನೆ ಎನ್ನುತ್ತಿದ್ದರು. ಆ ಒಬ್ಬರು ನೀವೇ ಎಂದು ಎಲ್ಲರಿಗೂ ಗೊತ್ತಿತ್ತು. ನೀವು ಧಾರವಾಡದ ಕಡೆಯವರು, ಗುರುಗಳ ಮಾತೇ ನಿಮ್ಮ ಮಾತು. ನಾನು ಯಲಹಂಕದ ಹೊಲದಿಂದ ಎದ್ದು ಬಂದವನು, ಬಾಯಲ್ಲಿ ಹಕಾರ ಹೊರಡುತ್ತಿರಲಿಲ್ಲ. ಹಾಡಿದರೆ ಗುರುಗಳು ನಗುತ್ತಿದ್ದರು. ನೀವು ನಗಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದಿರಿ — ಅದು ನನಗೆ ಇನ್ನಷ್ಟು ಉರಿಯುತ್ತಿತ್ತು. ನೀವು ಬಾರದಿದ್ದರೆ ಬಂದಿಶ್ ನನಗೆ ದಕ್ಕುತ್ತದೆ ಅಂದುಕೊಂಡೆ. ದಕ್ಕಲಿಲ್ಲ. ಗುರುಗಳು ಯಾರಿಗೂ ಹೇಳಿಕೊಡದೆ ಹೋದರು.

ಅಷ್ಟು ದೊಡ್ಡ ಗಾಯಕರ ಮನೆ ಎಂದು ಅವರ ಹೆಸರಿನ ಟ್ರಸ್ಟಿನವರು ಅದನ್ನು ಸ್ಮಾರಕ ಮಾಡಿದರು. ನೆನಪು ಹಂಚಿಕೊಳ್ಳಿ ಎಂದು ನನ್ನ ಬಳಿ ಬಂದಾಗ ಗುರುಗಳಿಗೆ ಹೇಳಿದ ಸುಳ್ಳನ್ನೇ ಮತ್ತೆ ಹೇಳಿದೆ — ರೆಕಾರ್ಡರಿನ ಮುಂದೆ, ಕಣ್ಣೊರೆಸಿಕೊಂಡು.

ಹೋದ ತಿಂಗಳು ನೀವೇ ಫೋನು ಮಾಡಿದಿರಿ. "ಮನಿ ಈಗ ಎಲ್ಲಾರಿಗೂ ತಗದಾರಂತಲ್ಲೋ. ಟಿಕೆಟ್ ತಗೊಂಡ ಹೋದ್ರ ಯಾರ ಅಪ್ಪಣೀನೂ ಬೇಕಾಗಂಗಿಲ್ಲ. ಕರ್ಕೊಂಡ ಹೋಗ್ತಿ ಏನು?" ಹೂಂ ಅಂದೆ.

ಹದಿನಾರು ವರ್ಷ ಕಲಿತ ಮನೆಗೆ ಪ್ರವಾಸಿಗಳ ಸಾಲಿನಲ್ಲಿ ನಿಂತು ಒಳಗೆ ಹೋದೆವು. ಪಾಠದ ಕೋಣೆಗೆ ಅಡ್ಡ ಹಗ್ಗ ಕಟ್ಟಿದ್ದರು. ನೀವು ಹಗ್ಗದ ಈಚೆಯೇ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಿರಿ. ಮನೆ ತೋರಿಸುವ ಹುಡುಗಿ ಗೋಡೆಯ ಮೇಲಿನ ಹಳೆಯ ಫೋಟೋ ಕಡೆ ಕೈ ಮಾಡಿದಳು. ಅದರಲ್ಲಿ ಗುರುಗಳ ಹಿಂದೆ ತಂಬೂರಿ ಹಿಡಿದು ಕೂತಿದ್ದವರು ನೀವು. ತಲೆ ನರೆತ ನೀವು ಎದುರಿಗೇ ನಿಂತಿದ್ದೀರೆಂದು ಪಾಪ, ಅವಳಿಗೇನು ಗೊತ್ತು?

"ಇವ್ರು ಗುರುಗಳ ಮೆಚ್ಚಿನ ಶಿಷ್ಯೆ. ಕೊನೇಲಿ ಹೇಳಿ ಕಳಿಸಿದ್ರೂ ನೋಡೋಕೆ ಬರ್ಲೇ ಇಲ್ವಂತೆ."

"ಅಯ್ಯೋ, ಎಂಥ ಕಲ್ಲು ಮನಸ್ಸು ಕಣ್ರೀ!" ಎಂದರು ಹಿಂದಿದ್ದ ಒಬ್ಬ ಹೆಂಗಸು.

ನೀವು ನನ್ನ ಕಡೆ ತಿರುಗಿದಿರಿ. ಸಿಟ್ಟಿನಿಂದಲ್ಲ, ಅಕ್ಕ — ನಂಬಿಕೆಯಿಂದ. "ನೀನ ಫೋನ್ ಮಾಡಿದ್ದಿ ಅಲ್ಲೋ ಮುನಿರಾಜಾ. ಬರಬ್ಯಾಡ ಅಂದಾರಂತ ನೀನ ಹೇಳಿದ್ದಿ. ಹೇಳು ಈ ಹುಡುಗಿಗೆ."

ಹತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಆಗಲಾದರೂ — ಒಂದೇ ಒಂದು ಮಾತು ಸಾಕಿತ್ತು, ಆಗಲಾದರೂ —

"ನಂಗೆ ಸರಿಯಾಗಿ ನೆನಪಿಲ್ಲ ಅಕ್ಕಾ," ಅಂದೆ.

ನೀವು ಆ ಹುಡುಗಿಯ ಭುಜ ತಟ್ಟಿ, "ಇರ್ಲಿ ಬಿಡವಾ, ಮುಂದ ತೋರ್ಸು" ಅಂದಿರಿ. ಹೊರಗೆ ಬಂದವರು ನಾನು ಕರೆದ ಆಟೋ ಹತ್ತಲಿಲ್ಲ.

ಅವತ್ತಿನಿಂದ ನೀವು ನನ್ನ ಫೋನು ಎತ್ತಿಲ್ಲ. ಚಿಕ್ಕಬಾಣಾವರದ ನಿಮ್ಮ ಮನೆಯ ಬಾಗಿಲವರೆಗೆ ಎರಡು ಸಲ ಬಂದೆ. ಬೆಲ್ ಒತ್ತಲು ಧೈರ್ಯವಾಗದೆ ಕಳ್ಳನ ಹಾಗೆ ಹಿಂದಿರುಗಿದೆ. ಅನ್ನ ಸೇರುತ್ತಿಲ್ಲ. ಸಂಗೀತ ಕಲಿಯಲು ಬರುವ ಮಕ್ಕಳಿಗೆ ಪಾಠ ನಿಲ್ಲಿಸಿದ್ದೇನೆ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ, ಕೇಳುತ್ತಲೂ ಇಲ್ಲ. ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ, ಇವತ್ತು ಬೆಳಿಗ್ಗೆ ಟ್ರಸ್ಟಿನವರ ಕೈಗೆ ಕೊಟ್ಟು ಬಂದೆ. ಇನ್ನು ಮೇಲೆ ಆ ಹುಡುಗಿ ಆ ಫೋಟೋದ ಮುಂದೆ ನಿಂತು ನನ್ನ ಹೆಸರು ಹೇಳಲಿ. ಜನ ನನ್ನನ್ನು ಬೈಯಲಿ.

ಒಂದನ್ನು ಮಾತ್ರ ಅವರಿಗೆ ಬರೆದುಕೊಡಲಿಲ್ಲ. ಅದು ನಿಮಗೊಬ್ಬರಿಗೇ ಸೇರಬೇಕಾದದ್ದು. ಗುರುಗಳ ಕೊನೆಯ ದಿನ ಬೆಳಿಗ್ಗೆ ಗೇಟಿನ ಸದ್ದಾಯಿತು. ಬಂದವನು ಹಾಲಿನವನು. ಅವರು ಕಣ್ಣು ತೆರೆದು, ಎತ್ತಿ ಕೂರಿಸು ಎಂದು ಸನ್ನೆ ಮಾಡಿದರು. ಶಾಲು ಸರಿಮಾಡಿಕೊಂಡು ಕೇಳಿದರು — "ಬಂದ್ಲೇನು?"

ಇಲ್ಲ ಅಂದೆ. ಮಲಗಿ ಗುರುಗಳೇ ಎಂದರೂ ಮಲಗಲಿಲ್ಲ ಅಕ್ಕ. ಸಂಜೆ ಉಸಿರು ನಿಲ್ಲುವವರೆಗೂ ಬಾಗಿಲು ನೋಡುತ್ತ ಕೂತೇ ಇದ್ದರು.