ಎರಡನೇ ಬದಿಯ ಕೊನೆಯ ಹಾಡು

ಮೂರು ಗಂಟೆಗೆ ಲಾರಿ ಬರುತ್ತದೆ ಎಂದು ಬೆಳಿಗ್ಗೆಯೇ ಫೋನ್ ಬಂದಿತ್ತು. ನೆಲಮಂಗಲದ ಹೆದ್ದಾರಿ ಪಕ್ಕದ ಗೋದಾಮುಗಳ ಹಿಂದೆ ನಮ್ಮ ಕಂಪನಿಯ ಶೆಡ್ಡು. ಅಲ್ಲಿದ್ದ ಟೇಪುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಹೊಸಕೋಟೆ ಬಳಿಯ ಪಿಲ್ಲಗುಂಪೆಯಲ್ಲಿ ಪ್ಲಾಸ್ಟಿಕ್ ಅರೆಯುವ ಒಂದು ಕಾರ್ಖಾನೆಗೆ ಕಳಿಸಬೇಕಾಗಿತ್ತು. ಹದಿನೆಂಟು ವರ್ಷ ನಾನು ಆ ಟೇಪುಗಳ ಜೊತೆ ಬದುಕಿದ್ದೆ. ಆ ದಿನ ನನಗೆ ಬೇಕಾಗಿದ್ದದ್ದು ಅವುಗಳಲ್ಲಿ ಒಂದೇ ಒಂದು. ಅದು ಯಾವ ಚೀಲದಲ್ಲಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ನಮ್ಮದು ಹೊಸ ಹಾಡು ಮಾಡುವ ಕಂಪನಿಯಲ್ಲ. ಹಳೆಯ ಗ್ರಾಮಾಫೋನ್ ತಟ್ಟೆಗಳಲ್ಲಿ, ಸ್ಪೂಲ್ ಟೇಪುಗಳಲ್ಲಿ ಉಳಿದುಹೋಗಿದ್ದ ದೇವರನಾಮ, ತತ್ವಪದ, ನಾಟಕದ ಹಾಡುಗಳನ್ನು ಹುಡುಕಿ ತಂದು, ಗೊರಗೊರ ಸದ್ದು ತೆಗೆದು, ಮತ್ತೆ ಜನರ ಕೈಗೆ ಕೊಡುವುದು ನಮ್ಮ ಕೆಲಸ. ಟೇಪಿನಿಂದ ಕಂಪ್ಯೂಟರಿಗೆ ಹಾಡು ಇಳಿಸುತ್ತಿದ್ದವಳು ನಾನು. ನಾನು ಸೇರಿದಾಗ ಸಿಡಿಗಳ ಕಾಲ. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ, ದೇವಸ್ಥಾನದ ಮುಂದಿನ ಮಳಿಗೆಗಳಲ್ಲಿ ನಮ್ಮ ಸಿಡಿಗಳು ನೇತಾಡುತ್ತಿದ್ದವು. ಆಮೇಲೆ ಪೆನ್‌ಡ್ರೈವ್ ಬಂತು, ಅದರ ಹಿಂದೆಯೇ ಫೋನ್ ಬಂತು. ಹೊಸ ಕಾರುಗಳಲ್ಲಿ ಸಿಡಿ ತೂರಿಸುವ ಜಾಗವೇ ಇಲ್ಲವಾಯಿತು. ನಗರದಲ್ಲಿದ್ದ ನಮ್ಮ ಮೂರು ಮಹಡಿಯ ಕಚೇರಿ ಎರಡು ಕೋಣೆಯಾಗಿ, ಕೊನೆಗೆ ನೆಲಮಂಗಲದ ಈ ತಗಡಿನ ಶೆಡ್ಡಾಯಿತು. ದೊಡ್ಡಬಳ್ಳಾಪುರದಿಂದ ದಿನಾ ಓಡಾಡುವ ನಾನು, ಕಂಪನಿಯ ಯಜಮಾನರು, ಪ್ಯಾಕಿಂಗ್ ನೋಡಿಕೊಳ್ಳುವ ಒಬ್ಬ ಅಣ್ಣ, ಇಷ್ಟೇ ಜನ ಉಳಿದಿದ್ದೆವು.

ಹೊರರಾಜ್ಯದ ಒಂದು ದೊಡ್ಡ ಕಂಪನಿ ನಮ್ಮ ಹಾಡುಗಳ ಪಟ್ಟಿಯನ್ನು ಹಕ್ಕುಗಳ ಸಮೇತ ಕೊಂಡುಕೊಂಡಿತು. ಅವರಿಗೆ ಬೇಕಾಗಿದ್ದದ್ದು ಕಂಪ್ಯೂಟರಿನಲ್ಲಿದ್ದ ಹಾಡುಗಳು ಮತ್ತು ಹಾಡಿದವರ ಹೆಸರು ಮಾತ್ರ. ಟೇಪುಗಳನ್ನು ಇಡಲು ಅವರಿಗೆ ಜಾಗವಿರಲಿಲ್ಲ, ಬೇರೆಯವರ ಕೈಗೆ ಅವು ಸಿಗುವುದೂ ಬೇಕಿರಲಿಲ್ಲ. ಹಾಗಾಗಿ ನಾಶಮಾಡಬೇಕೆಂದು ಕರಾರಿನಲ್ಲಿ ಬರೆಸಿದ್ದರು.

ಪಟ್ಟಿಗೆ ಹೆಸರು ತುಂಬುವ ಕೆಲಸ ನನ್ನ ಪಾಲಿಗೆ ಬಂತು. ದೇವರನಾಮಗಳ ಒಂದು ಹಳೆಯ ರೆಕಾರ್ಡಿನ ಎರಡನೇ ಬದಿಯ ಕೊನೆಯ ಹಾಡಿಗೆ ಬಂದಾಗ ನನ್ನ ಕೈ ನಿಂತಿತು.

ಆ ತಪ್ಪು ನನ್ನದೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ರೆಕಾರ್ಡನ್ನು ಸಿಡಿ ಮಾಡುವಾಗ, ಹೊದಿಕೆಯ ಮೇಲೆ ದಪ್ಪ ಅಕ್ಷರದಲ್ಲಿದ್ದ ಪ್ರಸಿದ್ಧ ಗಾಯಕಿಯ ಹೆಸರನ್ನೇ ಎಲ್ಲ ಹಾಡುಗಳಿಗೂ ಹಾಕಿದ್ದೆ. ಎರಡು ವರ್ಷದ ಮೇಲೆ ಹೊಸಕೋಟೆಯಿಂದ ಒಬ್ಬ ಶಾಲಾ ಶಿಕ್ಷಕಿ ಕಚೇರಿಗೆ ಬಂದರು. ಆ ಕೊನೆಯ ಹಾಡು ತಮ್ಮದು, ಹತ್ತೊಂಬತ್ತನೇ ವಯಸ್ಸಿನಲ್ಲಿ ಹಾಡಿದ್ದು, ಆಮೇಲೆ ಮದುವೆಯಾಗಿ ಮತ್ತೆಂದೂ ಸ್ಟುಡಿಯೋಗೆ ಹೋಗಲಿಲ್ಲ ಎಂದರು. "ದಾಖಲೆ ಇದ್ರೆ ತನ್ನಿ, ನೋಡೋಣ" ಎಂದು ನಾನು ಕುರ್ಚಿಯಿಂದ ಏಳದೆಯೇ ಹೇಳಿದ್ದೆ. ಅವರು ಒಂದು ಚೀಟಿಯಲ್ಲಿ ಹೆಸರು, ಫೋನ್ ನಂಬರ್ ಬರೆದಿಟ್ಟು ಹೋದರು. ಅವತ್ತು ಸಂಜೆ ಹೆಡ್‌ಫೋನ್ ಹಾಕಿಕೊಂಡು ಆ ಹಾಡನ್ನು ಮತ್ತೆ ಕೇಳಿದೆ. ಉಸಿರು ತೆಗೆದುಕೊಳ್ಳುವ ರೀತಿಯೇ ಬೇರೆ. ನನಗೆ ತಿಳಿಯಿತು. ಆದರೂ ಅಚ್ಚಾಗಿ ಹೋದದ್ದನ್ನು ಯಾರು ತಿದ್ದುತ್ತಾರೆ ಎಂದು ಸುಮ್ಮನಾದೆ. ಚೀಟಿಯನ್ನು ಮಾತ್ರ ಬಿಸಾಡಲಾಗಲಿಲ್ಲ.

ಪಟ್ಟಿಯಲ್ಲೂ ಅದೇ ತಪ್ಪು ಹೆಸರು ಹೋಯಿತು. ಲಾರಿ ಬರುವುದಕ್ಕೆ ಎರಡು ದಿನ ಮುಂಚೆ ಮನಸ್ಸು ತಡೆಯದೆ ಆ ನಂಬರಿಗೆ ಫೋನ್ ಮಾಡಿದೆ. ಅವರೇ ಎತ್ತಿಕೊಂಡರು. ನಾನು ಯಾರೆಂದು ಹೇಳಿದೆ.

"ಕಂಪನಿ ಮುಚ್ತಿದೀವಮ್ಮ. ಈಗ ಹೆಸರು ತಿದ್ದದಿದ್ರೆ ಮುಂದೆ ಯಾವತ್ತೂ ಆಗಲ್ಲ. ಏನಾದ್ರೂ ಗುರುತಿದ್ರೆ ತಗೊಂಡು ಬನ್ನಿ" ಎಂದೆ.

ಲಾರಿ ಬರುವ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವರು ಬಂದರು. ಹೊಸಕೋಟೆಯಿಂದ ಮೆಜೆಸ್ಟಿಕ್, ಅಲ್ಲಿಂದ ನೆಲಮಂಗಲ, ಎರಡು ಬಸ್ಸು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿತ್ತು, ಮಂಡಿ ಹಿಡಿದುಕೊಂಡು ನಡೆಯುತ್ತಿದ್ದರು. ಕೈಯಲ್ಲಿ ಒಂದು ನೀರಿನ ಬಾಟಲಿ ಬಿಟ್ಟರೆ ಏನೂ ಇರಲಿಲ್ಲ.

"ಕಾಗದ ಏನೂ ಇಲ್ಲ ಕಣಮ್ಮ. ಆದ್ರೆ ಒಂದು ನೆನಪಿದೆ. ಹಾಡೋಕ್ ಮುಂಚೆ ಮೈಕಲ್ಲಿ ನನ್ ಹೆಸರು, ಊರು ಹೇಳಿಸಿದ್ರು. ನಾನು ನಡುಗ್ತಿದ್ನಲ್ಲ, ಮೂರು ಸಲ ಹೇಳಿಸಿದ್ರು."

ರೆಕಾರ್ಡಿಗೆ ಕತ್ತರಿಸಿ ಜೋಡಿಸಿದ ಟೇಪಿನಲ್ಲಿ ಆ ಮಾತು ಇರುವುದಿಲ್ಲ. ಆದರೆ ಸ್ಟುಡಿಯೋದಲ್ಲಿ ಮೊದಲು ತುಂಬಿಕೊಂಡ ಟೇಪಿನಲ್ಲಿ ಇದ್ದೇ ಇರಬೇಕು. ಅದು ನಮ್ಮಲ್ಲಿತ್ತು. ನಲವತ್ತಕ್ಕೂ ಹೆಚ್ಚು ಚೀಲಗಳಲ್ಲಿ ಒಂದರಲ್ಲಿ, ಬಾಯಿ ಹೊಲಿದು.

ಯಜಮಾನರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಟ್ಟಿ ಕಳಿಸಿಯಾಯ್ತಲ್ಲಮ್ಮ. ಈಗ ಒಂದು ಹೆಸರು ತಪ್ಪು ಅಂದ್ರೆ, ಮಿಕ್ಕಿದ್ದೆಲ್ಲ ಸರಿ ಇದೆಯಾ ಅಂತ ಅವ್ರು ಕೇಳ್ತಾರೆ. ಎಲ್ಲಾ ಮೊದಲಿಂದ ಶುರು ಆಗುತ್ತೆ."

"ತಪ್ಪು ನಂದು ಸಾರ್. ನಾನೇ ಬರ್ಕೊಡ್ತೀನಿ."

"ಸಹಿ ನಂದು" ಎಂದರು. ಆಮೇಲೆ ಹೊರಗೆ ಕುಳಿತಿದ್ದ ಶಿಕ್ಷಕಿಯತ್ತ ಒಮ್ಮೆ ನೋಡಿ, "ಹುಡುಕು, ಬೇಡ ಅನ್ನಲ್ಲ. ಮೂರು ಗಂಟೆಗೆ ಲಾರಿ ನಿಲ್ಸೋಕೆ ಮಾತ್ರ ನನ್ ಕೈಲಿ ಆಗಲ್ಲ" ಎಂದರು.

ಪ್ಯಾಕಿಂಗ್ ಅಣ್ಣ ತನ್ನ ಕೈಯಾರೆ ಹೊಲಿದಿದ್ದ ಚೀಲಗಳನ್ನು ತಾನೇ ಬಿಚ್ಚತೊಡಗಿದ. ಗೊಣಗಲಿಲ್ಲ. ಒಂದೊಂದು ಚೀಲದಲ್ಲಿ ನೂರಕ್ಕೂ ಹೆಚ್ಚು ರಟ್ಟಿನ ಡಬ್ಬಿಗಳು, ಹುಳಿ ವಾಸನೆ, ಬೆರಳಿಗೆ ಅಂಟುವ ಧೂಳು. ರೆಕಾರ್ಡಿನ ನಂಬರ್ ನನಗೆ ಬಾಯಿಪಾಠವಾಗಿತ್ತು. ಶಿಕ್ಷಕಿಯೂ ನೆಲದ ಮೇಲೆ ಕುಳಿತು ಡಬ್ಬಿಗಳ ಮೇಲಿನ ಬರಹ ಓದಿ ಓದಿ ಪಕ್ಕಕ್ಕೆ ಇಡುತ್ತಿದ್ದರು. ಹನ್ನೆರಡಾಯಿತು. ಒಂದಾಯಿತು. ಯಾರೂ ಊಟದ ಮಾತೆತ್ತಲಿಲ್ಲ. ತಗಡು ಕಾದು ಶೆಡ್ಡಿನೊಳಗೆ ಬೆವರು ಇಳಿಯುತ್ತಿತ್ತು. ಹೊರಗೆ ಯಾವ ಲಾರಿಯ ಹಾರ್ನ್ ಕೇಳಿದರೂ ಮೂವರೂ ಬಾಗಿಲ ಕಡೆ ತಿರುಗುತ್ತಿದ್ದೆವು.

ಒಂದೂವರೆ ದಾಟಿದ ಮೇಲೆ ಅಣ್ಣ ಕೇಳಿದ. "ಅಕ್ಕಾ, 'ಉಳಿಕೆ' ಅಂತ ಪೆನ್ಸಿಲಲ್ಲಿ ಬರ್ದೈತೆ. ಇದೇನಾ ನೋಡಿ."

ಸ್ಟುಡಿಯೋದಲ್ಲಿ ಮೊದಲು ತುಂಬಿಕೊಂಡ ಟೇಪಿಗೆ ಹಾಗೆ ಬರೆಯುತ್ತಿದ್ದರು. ಕೆಳಗೆ ನಂಬರ್ ಇತ್ತು. ಅದೇ.

ಟೇಪ್ ಯಂತ್ರದ ವೈರುಗಳನ್ನು ಹಿಂದಿನ ದಿನವೇ ಬಿಚ್ಚಿದ್ದೆ. ಮತ್ತೆ ಜೋಡಿಸಿದೆ. ಇಷ್ಟು ಹಳೆಯ ಟೇಪನ್ನು ಆತುರದಲ್ಲಿ ಓಡಿಸಬಾರದು. ಮೇಲಿನ ಕಂದು ಲೇಪ ಉದುರುತ್ತದೆ, ಹಾಡು ಇರುವುದೇ ಆ ಲೇಪದಲ್ಲಿ. ಒಂದು ಸಲ ಓಡಿದರೆ ಮತ್ತೆ ಓಡುವ ಖಾತ್ರಿಯಿಲ್ಲ. ಸಮಯವಿದ್ದಿದ್ದರೆ ಹದವಾಗಿ ಬಿಸಿ ಮಾಡಿ, ಒಂದು ದಿನ ಕಾದು ಹಾಕುತ್ತಿದ್ದೆ. ನಮ್ಮ ಬಳಿ ಒಂದು ಗಂಟೆಯಿತ್ತು.

ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಒತ್ತಿ ಟೇಪ್ ಬಿಟ್ಟೆ. ಮೊದಲು ತಂಬೂರಿ, ಯಾರದೋ ಕೆಮ್ಮು, ಆಮೇಲೆ ಪ್ರಸಿದ್ಧ ಗಾಯಕಿಯ ಅಭ್ಯಾಸ. ಐದು ನಿಮಿಷಕ್ಕೆ ಟೇಪ್ ಕಿರುಗುಟ್ಟತೊಡಗಿತು. ನಿಲ್ಲಿಸಿ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಟೇಪ್ ತಾಗಿ ಹೋಗುವ ಯಂತ್ರದ ಹೆಡ್ಡನ್ನು ಒರೆಸಿದೆ. ಹತ್ತಿ ಕಾಫಿಪುಡಿಯಲ್ಲಿ ಅದ್ದಿದ ಹಾಗಾಯಿತು. ಮತ್ತೆ ಬಿಟ್ಟೆ, ಮತ್ತೆ ನಿಲ್ಲಿಸಿದೆ. ಎರಡೂವರೆಗೇ ಲಾರಿ ಬಂದು ಹೊರಗೆ ಹಿಂದಕ್ಕೆ ತಿರುಗಿಸಿಕೊಳ್ಳುವ ಸದ್ದಾಯಿತು. ಅಣ್ಣ ಎದ್ದು ಹೋಗಿ ಡ್ರೈವರನ್ನು ಟೀಗೆ ಕರೆದುಕೊಂಡು ಹೋದ.

ಆಗ ಟೇಪ್ ತುಂಡಾಯಿತು.

ನಾನು ತಲೆ ಎತ್ತಲಿಲ್ಲ. ಎರಡು ತುದಿಗಳನ್ನು ಓರೆಯಾಗಿ ಕತ್ತರಿಸಿ ಅಂಟುಪಟ್ಟಿ ಹಾಕಿ ಉಗುರಿನಿಂದ ಒತ್ತಿದೆ. ಕತ್ತರಿಸಿ ಎಸೆದ ಆ ಚೂರಿನಲ್ಲೇ ಹೆಸರು ಇತ್ತೋ ಏನೋ ಎಂಬ ಯೋಚನೆ ಬಂತು. ಮತ್ತೆ ಗುಂಡಿ ಒತ್ತುವಾಗ ಹಿಂದೆ ಯಜಮಾನರು ಬಂದು ನಿಂತಿದ್ದರು.

ಒಂದು ಗಂಡು ದನಿ, "ಹೆಸ್ರು ಹೇಳಮ್ಮ" ಎಂದಿತು. ಒಬ್ಬ ಹುಡುಗಿ ಹೆಸರು ಹೇಳಿದಳು, ಊರು ಹೇಳಿದಳು. "ನಡುಗ್ತಿದೆ. ಇನ್ನೊಂದ್ಸಲ." ಮತ್ತೆ ಹೇಳಿದಳು. ಮೂರನೆಯ ಸಲ ಅವಳಿಗೆ ನಗು ಬಂತು, ಆ ದನಿಯೂ ನಕ್ಕಿತು. ಆಮೇಲೆ ತಂಬೂರಿ ಕೂಡಿಕೊಂಡು ಹಾಡು ಶುರುವಾಯಿತು.

ನನ್ನ ಪಕ್ಕದಲ್ಲಿದ್ದವರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಹಾಡು ಮುಗಿಯಿತು. ಯಜಮಾನರು ಒಂದು ಬಿಳಿ ಹಾಳೆ ತೆಗೆದುಕೊಂಡು, "ಏನು ಬರೀಬೇಕು ಹೇಳು" ಎಂದರು. ಹೆಸರು ತಿದ್ದಬೇಕೆಂಬ ಪತ್ರವನ್ನು ತಾವೇ ಬರೆದು, ತಾವೇ ಸಹಿ ಮಾಡಿದರು. ಮೂರೂವರೆಗೆ ಲಾರಿ ಹೊರಟಿತು. ಆ ಟೇಪೂ ಅದರಲ್ಲೇ ಹೋಯಿತು, ಕರಾರು ಮುರಿಯಲು ಯಜಮಾನರು ಒಪ್ಪಲಿಲ್ಲ. ಒಂದು ಪ್ರತಿಯನ್ನು ಮಾತ್ರ ನನ್ನ ಪೆನ್‌ಡ್ರೈವಿಗೆ ಹಾಕಿ ಶಿಕ್ಷಕಿಗೆ ಕೊಡುವಾಗ ಅವರು ಬೇರೆ ಕಡೆ ನೋಡುತ್ತಿದ್ದರು.

ಹದಿನೈದು ದಿನದ ಮೇಲೆ ಕೊಂಡ ಕಂಪನಿಯಿಂದ ಉತ್ತರ ಬಂತು. ಹೆಸರಿನ ಬಗ್ಗೆ ತಕರಾರಿರುವ ಹಾಡು ತಮಗೆ ಬೇಡ, ಪಟ್ಟಿಯಿಂದ ತೆಗೆದುಹಾಕಿದ್ದೇವೆ ಎಂದು. ಉಳಿದ ಹಾಡುಗಳೆಲ್ಲ ಈಗ ಫೋನುಗಳಲ್ಲಿ ಸಿಗುತ್ತವೆ. ಆ ಒಂದು ಸಿಗುವುದಿಲ್ಲ.

ಶಿಕ್ಷಕಿಗೆ ಫೋನಿನಲ್ಲಿ ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಹೊಸಕೋಟೆಗೆ ಹೋದೆ. ಎಲ್ಲ ಕೇಳಿಕೊಂಡು ಅವರು ಕಿಟಕಿಯ ಕಡೆ ತಿರುಗಿದರು.

"ಬೇರೆಯವ್ರ ಹೆಸ್ರಲ್ಲಾದ್ರೂ ಕೇಳ್ತಿತ್ತು. ಒಂದಿನ ಸಂತೇಲಿ ಹೂವಿನ ಅಂಗಡಿಯವ್ನು ಹಾಕ್ಕೊಂಡಿದ್ದ. ಹೂವು ತಗೊಳ್ಳೋ ನೆಪದಲ್ಲಿ ಪೂರ್ತಿ ಕೇಳ್ಕೊಂಡೇ ಬಂದಿದ್ದೆ" ಎಂದರು.

"ನಾನು ಮಾಡಿದ್ದು ತಪ್ಪಾಯ್ತಾ?" ಎಂದೆ.

"ಆವಾಗ ಮಾಡಿದ್ದು ತಪ್ಪು. ಈಗಿಂದು ತಪ್ಪಲ್ಲ. ಆದ್ರೆ ಎರಡೂ ಸೇರಿ ಹಾಡು ಮನೇಗೆ ವಾಪಸ್ ಬಂದ್ಬಿಡ್ತು, ಅಷ್ಟೇ." ಮಾತಿನಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ.

ಯಜಮಾನರು ಕೊಟ್ಟಿದ್ದ ಇನ್ನೊಂದು ಕಾಗದವನ್ನು ಅವರ ಕೈಗಿಟ್ಟೆ. ಪಟ್ಟಿಯಿಂದ ಹೊರಬಿದ್ದ ಆ ಹಾಡಿನ ಮೇಲೆ ಕಂಪನಿಗೆ ಇನ್ನು ಯಾವ ಹಕ್ಕೂ ಇಲ್ಲ, ಹಾಡಿದವರೇ ಏನು ಬೇಕಾದರೂ ಮಾಡಿಕೊಳ್ಳಬಹುದು ಎಂದು ಬರೆದಿತ್ತು. ಅವರು ಎರಡು ಸಲ ಓದಿದರು. ತಮ್ಮ ಹೆಸರಿನ ಕಾಗುಣಿತ ತಪ್ಪಾಗಿದ್ದ ಕಡೆ ಬೆರಳಿಟ್ಟು ತೋರಿಸಿದರು, ಪೆನ್ನು ತರಲು ಒಳಗೆ ಹೋದರು.