ಹಣಮಪ್ಪನ ಬಲಭುಜದ ಹೂ

ದೇವರಲ್ಲಿ ಹೂ ಕೇಳುವವರನ್ನು ಕಂಡರೆ ಹರೆಯದಲ್ಲಿ ನನಗೆ ನಗು ಬರುತ್ತಿತ್ತು. ಗದಗಿನಲ್ಲಿ ಮ್ಯಾಟ್ರಿಕ್ ಮುಗಿಸಿ ಹಮ್ಮಿಗಿಗೆ ಮರಳಿದವನು ನಾನು. ಒದ್ದೆ ಹೂ ಆರಿದರೆ ಬೀಳುತ್ತದೆ, ಯಾವುದು ಮೊದಲು ಬೀಳುವುದೋ ಅದು ಗಾಳಿಯ ಕೆಲಸ ಎಂದು ಕಟ್ಟೆಯ ಮೇಲೆ ಕುಳಿತು ವಾದಿಸುತ್ತಿದ್ದೆ. ಈಗ ವಾದಿಸುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ.

ಕನ್ನಡ ನಾಡು ಒಂದಾಗುವ ಮಾತು ಎಲ್ಲರ ಬಾಯಲ್ಲಿದ್ದ ಕಾಲ. ನಮ್ಮದು ಮುಂಬಯಿ ರಾಜ್ಯ, ಹೊಳೆಯ ಆಚೆ ಮೈಸೂರು. ಸಂಜೆ ಹರಗೋಲಿನಲ್ಲಿ ಬಂದವರು ಆಚೆಯ ಸುದ್ದಿ ಹೇಳುತ್ತಿದ್ದರು, ನಾವು ಉಸುಕಿನಲ್ಲಿ ಕುಳಿತು ಕೇಳುತ್ತಿದ್ದೆವು. ಆ ಸಂಜೆಗಳನ್ನು ನೆನೆದರೆ ಈಗಲೂ ಜೀವ ಹಿಗ್ಗುತ್ತದೆ.

ಮನೆಯಲ್ಲಿ ಮಾತ್ರ ತಂಗಿ ಶಾಂತವ್ವನ ಮದುವೆಯ ಜಗ್ಗಾಟ. ಶಿರಹಟ್ಟಿಯಲ್ಲಿದ್ದ ತನ್ನ ತಮ್ಮನಿಗೇ ಅವಳನ್ನು ಕೊಡಬೇಕೆಂದು ಅವ್ವ ಹಟ ಹಿಡಿದಿದ್ದಳು. ಆ ಮಾವನ ಮೊದಲ ಹೆಂಡತಿ ತೀರಿಕೊಂಡಿದ್ದಳು.

“ಮಾಮಾನ ಮೀಸಿ ಬೆಳ್ಳಗಾಗ್ಯಾವೋ ಅಣ್ಣಾ. ಅವನ ಜೋಡಿ ಪ್ಯಾಟಿಗೆ ಹ್ವಾದ್ರ, ನಿಮ್ಮ ಮಗಳೇನ್ರಿ ಅಂತ ಕೇಳ್ತಾರ,” ಎಂದು ಶಾಂತವ್ವ ನಗಿಸಿದಳು. ಮರುಗಳಿಗೆ ಅಳುತ್ತ, “ಏನರ ಮಾಡಿ ಇದನ್ನ ಬಿಡಸು,” ಎಂದಳು.

ಯಾರ ಮನಸ್ಸನ್ನೂ ನೋಯಿಸಲಾರದ ಅಪ್ಪ, ಊರ ಗುಡಿಯ ಹಣಮಪ್ಪನನ್ನೇ ಕೇಳೋಣ ಎಂದ. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಕಣಗಿಲ ಎಸಳು ಹಚ್ಚುವುದು. ಬಲಗಡೆಯದು ಮೊದಲು ಬಿದ್ದರೆ ಮಾವನಿಗೆ ಕೊಡುವುದು, ಎಡಗಡೆಯದು ಬಿದ್ದರೆ ಬಿಡುವುದು. ಮರುದಿನ ಬೆಳಿಗ್ಗೆ ಪೂಜಾರಿ ಹೊಳೆಗೆ ಸ್ನಾನಕ್ಕೆ ಹೋದಾಗ, ಗುಡಿ ತೊಳೆಯುವ ನೆಪದಲ್ಲಿ ಒಳಹೊಕ್ಕು ಬಲಭುಜಕ್ಕೆ ಜಾಲಿ ಅಂಟು ಸವರಿದೆ. ದೇವರ ಬಲವೆಂದರೆ ಎದುರು ನಿಂತವರ ಎಡ. ಇದು ನಮ್ಮೂರ ಕೂಸಿಗೂ ಗೊತ್ತು. ಹಾಗೆ ಬಾಯಿಬಿಟ್ಟು ಅಂದುಕೊಂಡೇ ಸವರಿದ ನೆನಪಿದೆ.

ಪೂಜಾರಿ ಎಸಳು ಹಚ್ಚಿ ಹಿಂದೆ ಸರಿದ. ಅವ್ವ ಕೈ ಮುಗಿದು ನಿಂತಿದ್ದಳು. ನಾನು ನಿಶ್ಚಿಂತೆಯಿಂದ ಕಂಬಕ್ಕೆ ಒರಗಿದ್ದೆ. ಬಲಗಡೆಯ ಎಸಳು ಜಾರಿ ಪಾದದ ಮೇಲೆ ಬಿತ್ತು.

“ಬಲ ಕೊಟ್ಟ ನೋಡ್ರಿ!” ಎಂದ ಪೂಜಾರಿ. “ಯವ್ವಾ ಶಾಂತಾ, ಇನ್ನ ಮಾಮಾ ಅನ್ನೂದ ಬಿಡು. ಗಂಡನ್ನ ಹೆಸರ ಹೇಳದಂಗ ಕರಿಯೂದ ಕಲಿ.”

ಎಲ್ಲರೂ ನಕ್ಕರು. ಶಾಂತವ್ವ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಎಲ್ಲರೂ ಹೋದ ಮೇಲೆ ಮೂರ್ತಿಯನ್ನು ಮುಟ್ಟಿದೆ. ಅಂಟು ಎಡಭುಜದ ಮೇಲಿತ್ತು. ಅಲ್ಲಿಯ ಎಸಳು ಕಿತ್ತರೂ ಬರಲಿಲ್ಲ.

ಅಂದೇ ಹೇಳಬಹುದಿತ್ತು. ಅಪ್ಪನ ಮರ್ಯಾದೆ ಹೋಗುತ್ತದೆಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜವೆಂದರೆ, ಅಂಜಿದೆ.

ಮದುವೆ ಆಗಿಹೋಯಿತು. ಮಾವ ಅವಳಿಗೆ ಒಂದೂ ಬಿರುನುಡಿ ಆಡಲಿಲ್ಲ. ಸಂತೆಯಿಂದ ಬರುವಾಗ ಅವಳಿಗೆಂದೇ ಬತ್ತಾಸು ತರುತ್ತಿದ್ದ. ಆದರೆ ಎರಡನೆಯ ಕೂಸು ಇನ್ನೂ ಹಾಲು ಕುಡಿಯುತ್ತಿದ್ದಾಗಲೇ ತೀರಿಕೊಂಡ. ಆಮೇಲಿನ ಬಾಳನ್ನೆಲ್ಲ ಶಾಂತವ್ವ ಒಬ್ಬಳೇ ಎಳೆದಳು. ಅಂಟು ಎಡಭುಜಕ್ಕೆ ಹತ್ತಿದ್ದು ಬರೀ ಆಕಸ್ಮಿಕವೆಂದರೆ ಅವಳ ಬಾಳು ನನ್ನ ಬೆರಳಿನ ತಪ್ಪು. ದೇವರ ಕೈ ಎಂದರೆ, ನನ್ನ ಕಪಟಕ್ಕೆ ಅವಳಿಗೇಕೆ ಶಿಕ್ಷೆ? ಇಲ್ಲವೇ, ಒಳ್ಳೆಯ ಗಂಡನನ್ನು ಕೊಟ್ಟದ್ದೇ ಅವನ ಕೃಪೆಯೋ?

ಇಬ್ಬರಿಗೂ ವಯಸ್ಸಾದ ಮೇಲೆ, ಅವಳು ಶೇಂಗಾ ಸುಲಿಯುತ್ತ ಕುಳಿತಾಗ, ಎಲ್ಲವನ್ನೂ ಹೇಳಿಬಿಟ್ಟೆ.

“ಆವಾಗ ಹೇಳಿದ್ರ ನಿನ್ನ ಹೊಸ್ತಲಾ ತುಳೀತಿದ್ದಿಲ್ಲ,” ಎಂದಳು. “ಈಗ ಏನಂತ ಬೈಲೋ ಅಣ್ಣಾ? ನಿನ್ನ ಬೈದ್ರ ನನ್ನ ಮಕ್ಕಳನ್ನ ಬೈದಂಗ ಆಗ್ತೈತಿ.”

ಇನ್ನಷ್ಟು ಸುಲಿದು, “ಖರೇನ ಬಲಕ್ಕ ಹಚ್ಚಿದ್ದೇನು?” ಎಂದು ಕೇಳಿದಳು.

“ಹೌದವ್ವಾ. ಹಂಗಂತನ ನೆನಪು. ಎಡಕ್ಕ ಹೆಂಗ ಬಂತವ್ವಾ ಅದು?”

“ಹಂಗಾರ ನನ್ನ ಯಾಕ ಕೇಳ್ತಿ? ಅವನ್ನ ಕೇಳು,” ಎಂದು ಎದ್ದು ಒಳಗೆ ಹೋದಳು.

ಅಂದಿನಿಂದ ಗುಡಿಗೆ ಹೋಗುತ್ತೇನೆ, ನಿಲ್ಲುತ್ತೇನೆ. ಏನೆಂದು ಕೇಳಬೇಕೋ ತಿಳಿಯದೆ ಮರಳುತ್ತೇನೆ.