ಎಲೆ ಎತ್ತೋ ಹಾಡು, ಬೀಗರು ನಗೋ ಹಾಡು

ಜಕ್ಕೂರಿನ ಹಳೇ ಊರಿನಲ್ಲಿ ನಾಮಕರಣವಾಗಲಿ, ಗೃಹಪ್ರವೇಶವಾಗಲಿ, ಪುರೋಹಿತರಿಗೆ ಹೇಳುವ ಮುಂಚೆ ಮುನಿರಾಮಯ್ಯನಿಗೆ ಹೇಳುವುದು ರೂಢಿ. ಪುರೋಹಿತರು ಯಲಹಂಕಕ್ಕೆ ಹೋದರೆ ಹತ್ತು ಜನ ಸಿಗುತ್ತಾರೆ. ಮುನಿರಾಮಯ್ಯನ ಮೈಕ್ ಸೆಟ್ ಒಂದೇ. ಅವನ ಹಾರ್ನು ಕಿರುಚುವುದಿಲ್ಲ, ಸ್ಪೀಕರ್ ಬಾಕ್ಸು ಗರಗರ ಅನ್ನುವುದಿಲ್ಲ. ಅದೆಲ್ಲಕ್ಕಿಂತ ಹೆಚ್ಚಾಗಿ, ಯಾವ ಹೊತ್ತಿಗೆ ಯಾವ ಹಾಡು ಹಾಕಬೇಕು ಅನ್ನುವುದು ಅವನಿಗೆ ಗೊತ್ತಿರುವಷ್ಟು ಹೆಬ್ಬಾಳದ ಆಚೆ ಈಚೆ ಯಾರಿಗೂ ಗೊತ್ತಿಲ್ಲ ಎಂದು ಜನ ಹೇಳುತ್ತಾರೆ. ಹಾಡು ಅಂದರೆ ಮುನಿರಾಮಯ್ಯನಿಗೆ ಪ್ರಾಣ ಎಂದೂ ಹೇಳುತ್ತಾರೆ.

ಈ ಕೊನೆಯ ಮಾತು ಶುದ್ಧ ಸುಳ್ಳು. ಮುನಿರಾಮಯ್ಯನಿಗೆ ಹಾಡು ಅರ್ಥವಾಗುವುದಿಲ್ಲ.

ಕಿವಿ ಮಂದ ಅಂತಲ್ಲ. ಬೀದಿಯ ಆ ತುದಿಯಲ್ಲಿ ನಿಂತು ಈ ತುದಿಯ ಬಾಕ್ಸಿನೊಳಗೆ ಒಂದು ಸ್ಕ್ರೂ ಸಡಿಲವಾಗಿದೆ ಎಂದು ಹೇಳಬಲ್ಲ ಕಿವಿ ಅದು. ತಲೆ ಮೇಲೆ ಊರ ಪಕ್ಕದ ಫ್ಲೈಯಿಂಗ್ ಕ್ಲಬ್ಬಿನ ವಿಮಾನ ಬರುವ ಅರ್ಧ ನಿಮಿಷ ಮುಂಚೆಯೇ ಅವನ ಬೆರಳು ವಾಲ್ಯೂಮಿನ ಮೇಲೆ ಹೋಗಿರುತ್ತದೆ. ಸದ್ದೆಲ್ಲ ಕೇಳಿಸುತ್ತದೆ, ಹಾಡು ಮಾತ್ರ ಒಳಗೆ ಇಳಿಯುವುದಿಲ್ಲ. ಒಬ್ಬ ಮನುಷ್ಯ ಹೇಳಬೇಕಾದ್ದನ್ನು ನೆಟ್ಟಗೆ ಹೇಳದೆ ಯಾಕೆ ಎಳೆಯುತ್ತಾನೆ, ಹೇಳಿದ್ದನ್ನೇ ಯಾಕೆ ಎರಡು ಸಲ ಹೇಳುತ್ತಾನೆ, ಅದನ್ನು ಕೇಳಿ ಗಟ್ಟಿಮುಟ್ಟಾದ ಗಂಡಸರು ಯಾಕೆ ಕಣ್ಣು ಒರೆಸಿಕೊಳ್ಳುತ್ತಾರೆ ಅನ್ನುವುದು ಅವನಿಗೆ ಐವತ್ತೊಂಬತ್ತನೇ ವಯಸ್ಸಿನಲ್ಲೂ ಬಗೆಹರಿದಿಲ್ಲ. ಮಗಳು ಸುಮಾ ಕೂಸಾಗಿದ್ದಾಗ ಅವಳನ್ನು ಮಲಗಿಸುವ ಸರದಿ ಬಂದರೆ ಅವನು ಜೋಗುಳ ಹಾಡುತ್ತಿರಲಿಲ್ಲ. ಬಸ್ ಸ್ಟಾಪುಗಳ ಹೆಸರು ಹೇಳುತ್ತಿದ್ದ. ಯಲಹಂಕ, ಜಕ್ಕೂರು ಕ್ರಾಸ್, ಬ್ಯಾಟರಾಯನಪುರ, ಕೊಡಿಗೇಹಳ್ಳಿ ಗೇಟ್, ಹೆಬ್ಬಾಳ. ಮಗು ಅದರಾಚೆಯ ಮೇಕ್ರಿ ಸರ್ಕಲ್ ದಾಟಿದ್ದೇ ಇಲ್ಲ, ಅಷ್ಟರಲ್ಲಿ ನಿದ್ದೆ ಹೋಗಿರುತ್ತಿತ್ತು.

ಹಾಗಾದರೆ ಈ ಹೆಸರು ಬಂದದ್ದು ಹೇಗೆ? ಹಾಡು ಗೊತ್ತಿಲ್ಲದವನು ಬೇರೆ ಏನನ್ನಾದರೂ ನೋಡಲೇಬೇಕಲ್ಲ. ಮುನಿರಾಮಯ್ಯ ಜನರನ್ನು ನೋಡಿದ. ಶುರುವಿನ ದಿನಗಳಲ್ಲಿ ಒಂದು ಮದುವೆ ಊಟಕ್ಕೆ ನಿಧಾನದ ಹಾಡು ಹಾಕಿ, ಮೊದಲ ಪಂಕ್ತಿಯವರು ಸಾರನ್ನದಲ್ಲೇ ಬೆರಳಾಡಿಸುತ್ತ ಕೂತು, ಎರಡನೇ ಪಂಕ್ತಿಯವರು ಅವರ ಬೆನ್ನ ಹಿಂದೆ ನಿಂತು ಕಣ್ಣಲ್ಲೇ ನುಂಗುತ್ತಿದ್ದುದನ್ನು ನೋಡಿದ. ಇನ್ನೊಂದು ಹಾಡು ಹಾಕಿದ ತಕ್ಷಣ ಪಾಯಸ ಸರಸರ ಖಾಲಿಯಾಗಿ ಜನ ಎದ್ದರು. ಆ ಹಾಡಿಗೆ ಅವನ ಲೆಕ್ಕದಲ್ಲಿ ‘ಎಲೆ ಎತ್ತೋ ಹಾಡು’ ಎಂದೇ ಹೆಸರು. ಯಾವ ಸಿನಿಮಾದ್ದು, ಯಾರು ಹಾಡಿದ್ದು, ಅವನಿಗೆ ಬೇಕಿಲ್ಲ. ಇನ್ನೊಮ್ಮೆ ಕಾಫಿ ತಡವಾಯಿತೆಂದು ಗಂಡಿನ ಸೋದರಮಾವ ಮುಖ ಊದಿಸಿಕೊಂಡು ಕೂತಿದ್ದಾಗ ಒಂದೊಂದೇ ಹಾಡು ಬದಲಾಯಿಸುತ್ತ ಅವನ ಕಾಲನ್ನೇ ನೋಡುತ್ತಿದ್ದ. ನಾಲ್ಕನೇ ಹಾಡಿಗೆ ಕುರ್ಚಿಯ ಕೆಳಗೆ ಚಪ್ಪಲಿ ಅಲ್ಲಾಡಿತು. ಅದು ‘ಬೀಗರು ನಗೋ ಹಾಡು’. ಹೀಗೇ ‘ಮಕ್ಕಳು ಓಡೋ ಹಾಡು’, ‘ಅಜ್ಜಿಯರು ಮಾತು ನಿಲ್ಲಿಸೋ ಹಾಡು’. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂತು, ಹೆಸರುಗಳು ಹಾಗೇ ಉಳಿದವು.

ಒಂದು ಹಾಡು ಮಾತ್ರ ಬೇರೆ. ಅದರ ಹೆಸರು ‘ಬಿಂದಿಗೆ ಹಾಡು’.

ಮೂವತ್ತೊಂದು ವರ್ಷದ ಹಿಂದೆ ಮಾಕಳಿಯಿಂದ ಕಲಾವತಿಯನ್ನು ಮದುವೆಯಾಗಿ ಕರೆತಂದು ಇನ್ನೂ ತಿಂಗಳಾಗಿರಲಿಲ್ಲ. ಎದುರು ಮನೆಯ ಗೃಹಪ್ರವೇಶಕ್ಕೆ ಮುನಿರಾಮಯ್ಯ ಏಣಿ ಹತ್ತಿ ಕಂಬಕ್ಕೆ ಹಾರ್ನು ಕಟ್ಟಿ, ಕೆಳಗಿದ್ದ ಹುಡುಗನಿಂದ ಹಾಡು ಹಾಕಿಸಿ, ಅಲ್ಲಿಂದಲೇ ಕೆಳಗೆ ನೋಡಿದ. ಬೀದಿ ನಲ್ಲಿಯಿಂದ ತುಂಬಿದ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಬರುತ್ತಿದ್ದ ಕಲಾವತಿ ನಡುಬೀದಿಯಲ್ಲಿ ನಿಂತುಬಿಟ್ಟಳು. ನೀರು ತುಳುಕಿ ಸೀರೆ ನೆನೆಯುತ್ತಿದ್ದರೂ ಹಾಡು ಮುಗಿಯುವ ತನಕ ಕದಲಲಿಲ್ಲ. ತುಂಬಿದ ಬಿಂದಿಗೆ ಹೊತ್ತು ಒಂದು ಇಡೀ ಹಾಡು ನಿಂತವರನ್ನು ಅವನು ಅದುವರೆಗೆ ಕಂಡಿರಲಿಲ್ಲ. ಹೊಸ ಹೆಂಡತಿಯ ಮನಸ್ಸು ಇಷ್ಟು ಸುಲಭವಾಗಿ ಕೈಗೆ ಸಿಕ್ಕಿತಲ್ಲ ಎಂದು ಅವನಿಗೆ ಏಣಿಯ ಮೇಲೇ ಖುಷಿಯಾಯಿತು.

ಅವತ್ತಿನಿಂದ ಸಂಜೆ ಮನೆ ಮುಂದಿನ ಶೆಡ್ಡಿನಲ್ಲಿ ಸೆಟ್ ಪರೀಕ್ಷೆ ಮಾಡುವಾಗೆಲ್ಲ ಅದೇ ಹಾಡು. ಕಲಾವತಿ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಒಂದು ವಾರ ಕಳೆದ ಮೇಲೆ ಕೇಳಿದಳು, “ನಿಮಗೆ ಈ ಹಾಡು ಅಂದ್ರೆ ಅಷ್ಟೊಂದು ಇಷ್ಟಾನಾ?”

ಮುನಿರಾಮಯ್ಯ “ಹೂಂ” ಅಂದ. ಇಲ್ಲ ಅನ್ನುವುದಕ್ಕೆ ಹೊಸ ಮದುಮಗನಿಗೆ ಬಾಯಿ ಬರುತ್ತದೆಯೇ? ಆ ಒಂದು ಹೂಂ ಮಾಕಳಿಯ ನೆಂಟರಿಗೆ, ಬೀದಿಯವರಿಗೆ, ಆಮೇಲೆ ಮಗಳಿಗೆ, ಅಳಿಯನಿಗೆ ತಲುಪಿತು. ‘ನಮ್ಮ ಮನೆಯವರಿಗೆ ಆ ಹಾಡು ಅಂದ್ರೆ ಊಟ ಬೇಡ’ ಎಂದು ಕಲಾವತಿ ಹೇಳುವುದನ್ನು ಅವನು ಎಷ್ಟೋ ಸಲ ಗೋಡೆಯ ಈಚೆ ನಿಂತು ಕೇಳಿದ್ದಾನೆ. ಪ್ರತಿ ಸಲವೂ ನಿಜ ಹೇಳಿಬಿಡೋಣ ಎಂದುಕೊಳ್ಳುತ್ತಾನೆ. ಆದರೆ ದಿನಕ್ಕೊಂದು ಕೆಲಸವಿರುವವನಿಗೆ ಅದಕ್ಕೆಲ್ಲ ಎಲ್ಲಿ ಪುರುಸೊತ್ತು.

ಪುರುಸೊತ್ತು ಬಂದದ್ದು ಕಳೆದ ನವೆಂಬರಿನಲ್ಲಿ. ಊರಿನ ಯುವಕರ ಸಂಘ ರಾಜ್ಯೋತ್ಸವವನ್ನು ತಿಂಗಳ ಇಪ್ಪತ್ಮೂರಕ್ಕೆ ಇಟ್ಟುಕೊಂಡಿತ್ತು. ಒಂದನೇ ತಾರೀಕು ಆರ್ಕೆಸ್ಟ್ರಾದವರು ಸಿಗುವುದಿಲ್ಲವಾದ್ದರಿಂದ ಕನ್ನಡಾಭಿಮಾನ ಮೂರು ವಾರ ಕಾಯಬೇಕಾಯಿತು. ಸಂಘದ ಕಾರ್ಯದರ್ಶಿ ಮಣಿಕಂಠ ಮನೆಗೇ ಬಂದ.

“ಮುನಿರಾಮಣ್ಣ, ಈ ಸಲ ನೀವು ವೈರು ಮುಟ್ಟಂಗಿಲ್ಲ. ಆರ್ಕೆಸ್ಟ್ರಾದವರೇ ಸೌಂಡ್ ತರ್ತಾರೆ. ನಿಮಗೆ ಸನ್ಮಾನ. ಗಾನರಸಿಕ ಅಂತ ಬಿರುದು.”

“ನಂಗ್ಯಾಕಪ್ಪಾ ಅದೆಲ್ಲಾ.”

“ಇರಲಿ ಸುಮ್ನಿರಿ. ಕಲಾವತಕ್ಕನ್ನೂ ಮುಂದೆ ಕೂರಿಸ್ತೀವಿ. ನೀವು ನಿಮ್ಮ ಆ ಹಾಡು ಯಾಕಿಷ್ಟ ಅಂತ ನಾಲ್ಕು ಮಾತಾಡೋದು, ಆಮೇಲೆ ಸಿಂಗರ್ ಅದನ್ನೇ ಅಕ್ಕಂಗೆ ಡೆಡಿಕೇಟ್ ಮಾಡಿ ಹಾಡೋದು. ಜನ ಹುಚ್ಚೆದ್ದು ಹೋಗ್ಬೇಕು.”

ಕಲಾವತಿ ಒಳಗಿನಿಂದ ಕಾಫಿ ತಂದವಳು ನಾಚಿಕೊಂಡು ನಕ್ಕಳು. ಆ ನಗು ನೋಡಿದ ಮೇಲೆ ಮುನಿರಾಮಯ್ಯನಿಗೆ ಬೇಡ ಅನ್ನುವ ದಾರಿಯೂ ಮುಚ್ಚಿತು.

ಮರುದಿನವೇ ಬಸ್ಸು ಹತ್ತಿ ಆರ್.ಟಿ. ನಗರಕ್ಕೆ ಹೋದ. ಅಲ್ಲಿ ಖಾದರ್ ಬಾಷಾ ಆಂಪ್ಲಿಫೈಯರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಮುನಿರಾಮಯ್ಯನ ಗುಟ್ಟು ಗೊತ್ತಿರುವ ಒಬ್ಬನೇ ಮನುಷ್ಯ, ಹಾಡು ಕೇಳಿದರೆ ಬೆಸುಗೆ ಹಾಕುವ ಸಾಲ್ಡರಿಂಗ್ ಕಡ್ಡಿಯನ್ನೂ ಕೆಳಗಿಟ್ಟುಬಿಡುವವನು.

“ಖಾದರ್ ಭಾಯ್, ನಾಲ್ಕು ಮಾತು ಏನಂತ ಆಡ್ಲಿ? ನೀನೇ ಹೇಳ್ಕೊಡು.”

“ಹೇಳ್ಕೊಡೋದೇನು, ಕೇಳು ಮೊದಲು,” ಎಂದು ಖಾದರ್ ಬಾಷಾ ಬಿಂದಿಗೆ ಹಾಡು ಹಾಕಿದ. ಕಣ್ಣು ಮುಚ್ಚಿ ಕೈ ಎತ್ತಿದ. “ಈಗ ಬರುತ್ತೆ ನೋಡು ಮುನಿರಾಮಣ್ಣ, ಇಲ್ಲಿ ದನಿ ಮೇಲೆ ಹೋಗಿ ಇಂಗೆ ಇಳಿಯುತ್ತಲ್ಲ, ಇಲ್ಲಿ. ಎದೇಲಿ ಏನಾದ್ರೂ ಆಯ್ತಾ?”

ಮುನಿರಾಮಯ್ಯ ಉಸಿರು ಬಿಗಿಹಿಡಿದು ಕಾದ. ಎದೆಯಲ್ಲಿ ಏನೂ ಆಗಲಿಲ್ಲ. “ನಿನ್ನ ಸ್ಪೀಕರ್ ಕೋನ್ ಹರಿದಿದೆ ಕಣೋ,” ಅಂದ.

ಖಾದರ್ ಬಾಷಾ ಹಣೆ ಚಚ್ಚಿಕೊಂಡು ಸ್ಪೀಕರ್ ಬಿಚ್ಚಿ ನೋಡಿದ. ಒಳಗಿನ ಕಾಗದದ ಕೋನು ಅಂಚಿನಲ್ಲಿ ಉಗುರಿನಷ್ಟು ಹರಿದಿತ್ತು. ಅಂಟು ಹಚ್ಚುತ್ತ, “ಮನಸ್ಸಿಗೆ ಮುಟ್ಟುತ್ತೆ ಅಂದ್ಬಿಡು,” ಎಂದ. “ಎಲ್ರೂ ಅಷ್ಟೇ ಅನ್ನೋದು. ಯಾರೂ ಮುಂದಕ್ಕೆ ಕೇಳಲ್ಲ.”

ಮುನಿರಾಮಯ್ಯ ವಾರವೆಲ್ಲ ಅದನ್ನು ಬಾಯಿಪಾಠ ಮಾಡಿದ. ಕನ್ನಡಿ ಮುಂದೆ ಹೇಳಿದ, ಕೆರೆ ಏರಿ ಮೇಲೆ ನಡೆಯುತ್ತ ಹೇಳಿದ. ಮಾತು ಸಲೀಸಾಗಿ ಬರುತ್ತಿತ್ತು. ಕಲಾವತಿ ಎದುರಿಗೆ ಬಂದರೆ ಮಾತ್ರ ಅದನ್ನು ಅರ್ಧಕ್ಕೇ ಬಿಟ್ಟು ಕಾಫಿ ಕೇಳುತ್ತಿದ್ದ. ಹೊಸದರಲ್ಲಿ ಅಂದ ಹೂಂ ಬೇರೆ, ಅರವತ್ತರ ಹತ್ತಿರ ಬಂದು, ಊರೆಲ್ಲ ಕೇಳುವ ಹಾಗೆ, ಮೈಕಿನಲ್ಲಿ ಹೆಂಡತಿಗೆ ಸುಳ್ಳು ಹೇಳುವುದು ಬೇರೆ. ನಿಜ ಹೇಳಿದರೋ, ಮೂವತ್ತೊಂದು ವರ್ಷ ಬಾಗಿಲಲ್ಲಿ ನಿಂತವಳಿಗೆ ಏನನ್ನಿಸೀತು? ಎಂದೂ ಸುಳ್ಳು ಹೇಳದ ಗಂಡ ಎಂದು ಅವಳು ನಂಬಿದ್ದಳು. ಅವನಿಗೆ ಭಯವಾಗಿತ್ತು.

ಇಪ್ಪತ್ಮೂರರ ಸಂಜೆ ಹಾಲಿನ ಡೇರಿಯ ಮುಂದಿನ ಬಯಲಿನಲ್ಲಿ ಕೆಂಪು ಹಳದಿ ಪಟ್ಟಿ ಕಟ್ಟಿ ವೇದಿಕೆ ಸಿದ್ಧವಾಗಿತ್ತು. ಪಕ್ಕದಲ್ಲಿ ಮುನಿರಾಮಯ್ಯನ ಫ್ಲೆಕ್ಸು, ಕಣ್ಣು ಮುಚ್ಚಿ ಕಿವಿಗೆ ಅಂಗೈ ಹಿಡಿದು ಹಾಡಿನಲ್ಲಿ ಕರಗಿಹೋದ ಭಂಗಿ. ಹಾರ್ನಿನೊಳಗೆ ಜೇನ್ನೊಣ ಸೇರಿದೆಯೋ ಏನೋ ಎಂದು ಪರೀಕ್ಷಿಸುತ್ತಿದ್ದಾಗ ಯಾರೋ ತೆಗೆದ ಫೋಟೊ ಅದು. ಶಾಲು ಹೊದಿಸಿದರು, ಹಾರ ಹಾಕಿದರು, ಮೈಸೂರು ಪೇಟ ತೊಡಿಸಿದರು. ಪೇಟ ಒಂದು ಸೈಜು ದೊಡ್ಡದಾಗಿ ಹುಬ್ಬಿನ ತನಕ ಇಳಿಯಿತು. ಮುಂದಿನ ಸಾಲಿನಲ್ಲಿ ಕಲಾವತಿ ರೇಷ್ಮೆ ಸೀರೆ ಉಟ್ಟು, ತೊಡೆಯ ಮೇಲೆ ಸನ್ಮಾನದ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

ಮುನಿರಾಮಯ್ಯ ಮೈಕಿನ ಮುಂದೆ ನಿಂತ. ಸಾವಿರ ಸಲ ಬೆರಳಲ್ಲಿ ತಟ್ಟಿ ನೋಡಿದ ಮೈಕು, ಅದರೊಳಗೆ ಮಾತಾಡಿದ್ದು ಮಾತ್ರ ಇವತ್ತೇ.

“ನಂಗೆ ಆ ಹಾಡು...” ಅಂದ. ಕಲಾವತಿ ಸ್ವಲ್ಪ ಮುಂದಕ್ಕೆ ಬಾಗಿದಳು. ಬಾಯಿಪಾಠ ಮಾಡಿದ್ದ ‘ಮನಸ್ಸಿಗೆ ಮುಟ್ಟುತ್ತೆ’ ಬಾಯಿಗೆ ಬರಲೇ ಇಲ್ಲ. “ನಂಗೆ ಆ ಹಾಡು ಅರ್ಥ ಆಗಲ್ಲ. ಆ ಹಾಡು ಅಂತಲ್ಲ, ಯಾವ ಹಾಡೂ ಗೊತ್ತಾಗಲ್ಲ. ನೀವು ನಗೋದು, ಎದ್ದೇಳೋದು, ಕಾಲು ಕುಣಿಸೋದು ನೋಡ್ಕೊಂಡು ಹಾಕ್ತಿದ್ದೆ. ಅಷ್ಟೇ. ತಪ್ಪಾಗಿದ್ರೆ ಕ್ಷಮಿಸ್ಬೇಕು.”

ಚಪ್ಪಾಳೆ ಬಿತ್ತು ನೋಡಿ, ಡೇರಿಯ ಛಾವಣಿಯ ಪಾರಿವಾಳಗಳು ಹಾರಿಹೋದವು. ಮಣಿಕಂಠ ಮೈಕ್ ಕಿತ್ತುಕೊಂಡು, “ನೋಡಿ ಸ್ವಾಮಿ ವಿನಯ ಅಂದ್ರೆ ಇದು. ಸಮುದ್ರದಷ್ಟು ತಿಳ್ಕೊಂಡೋರು ಏನೂ ಗೊತ್ತಿಲ್ಲ ಅಂತಾರೆ,” ಎಂದ. ಇನ್ನೊಂದು ಸುತ್ತು ಚಪ್ಪಾಳೆ. ಇಡೀ ಬಯಲಿನಲ್ಲಿ ಚಪ್ಪಾಳೆ ತಟ್ಟದೆ ಕೂತಿದ್ದವಳು ಕಲಾವತಿ ಒಬ್ಬಳೇ. ಗಾಯಕ ಬಿಂದಿಗೆ ಹಾಡು ಶುರು ಮಾಡುತ್ತಿದ್ದಂತೆ ಅವಳು ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟು ಎದ್ದು ಹೋದಳು.

ಮುನಿರಾಮಯ್ಯ ಪೇಟ ಹಿಡಿದುಕೊಂಡು ಮೆಟ್ಟಿಲಿಳಿದು ವೇದಿಕೆಯ ಹಿಂದೆ ಹೋದ. ಕಲಾವತಿ ಅಲ್ಲಿ ಟೀ ಡ್ರಮ್ಮಿನ ಪಕ್ಕ ನಿಂತಿದ್ದಳು.

“ನಿಜಾನಾ?” ಅಂದಳು.

“ಹೂಂ.”

“ಅವತ್ತೂ ಹೂಂ ಅಂದಿದ್ರಿ.”

“ಇದು ನಿಜವಾದ್ದು ಕಲಾ. ನೀನು ಬಿಂದಿಗೆ ಇಟ್ಕೊಂಡು ನಿಂತಿದ್ದೆ. ನಿಂಗಿಷ್ಟ ಅಂತ ಹಾಕ್ತಿದ್ದೆ.”

ಕಲಾವತಿ ಅವನನ್ನು ನೋಡಿದಳು, ಪೇಟದಿಂದ ಚಪ್ಪಲಿಯ ತನಕ. “ನಂಗ್ಯಾಕ್ರೀ ಇಷ್ಟ ಆ ಹಾಡು? ನಿಮಗೆ ಪ್ರಾಣ ಅಂತ ಬಂದು ನಿಲ್ತಿದ್ದೆ. ಎಷ್ಟು ಸಲ ಒಲೆ ಮೇಲೆ ಹಾಲು ಉಕ್ಕಿದೆ ಗೊತ್ತಾ. ಕೇಳಿ ಕೇಳಿ ನಂಗೆ ತಲೆ ಚಿಟ್ಟು ಹಿಡಿದಿದೆ.”

ಸಾವಿರಾರು ಜನರ ಕಾಲು, ಚಪ್ಪಲಿ, ಹುಬ್ಬು ನೋಡಿ ಹಾಡು ಹಾಕಿದವನು ಮನೆಯ ಬಾಗಿಲಲ್ಲಿ ನಿಂತವಳನ್ನೇ ತಪ್ಪಾಗಿ ಓದಿದ್ದ. “ಮತ್ತೆ ಅವತ್ತು?” ಅಂದ. “ಸೀರೆ ಎಲ್ಲಾ ನೆಂದಿತ್ತು. ಅಲ್ಲಾಡ್ಲಿಲ್ಲ ನೀನು.”

ಕಲಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ನಮ್ಮೂರಲ್ಲಿ ಮೈಕ್ ಹಾಕಿದ್ರೆ ಒಂದಕ್ಷರ ಗೊತ್ತಾಗ್ತಿರ್ಲಿಲ್ಲ. ಗೊರ್ ಅನ್ನೋದು, ಕೀ ಅನ್ನೋದು. ಮೈಕ್ ಅಂದ್ರೇನೇ ಅಂಗೆ ಅಂದ್ಕೊಂಡಿದ್ದೆ. ಅವತ್ತು ನೀವು ಹಾಕಿದ್ರಲ್ಲ, ಹಾಡೋರು ಉಸಿರು ತಗೊಳ್ಳೋದು ಸೈತ ಕೇಳಿಸ್ತು. ಯಾವ ಹಾಡಾಗಿದ್ರೂ ನಿಲ್ತಿದ್ದೆ.” ಆಮೇಲೆ ದನಿ ತಗ್ಗಿಸಿ ಹೇಳಿದಳು, “ಕಂಬದ ಮೇಲೆ ನೀವಿದ್ರಿ. ನನ್ನ ಗಂಡ ಮಾಡಿರೋದು ಇದು ಅಂತ ಅನ್ನಿಸ್ತು.”

ಹಾಡಿನಿಂದ ಅವನ ಎದೆಯಲ್ಲಿ ಏನೂ ಆಗಿರಲಿಲ್ಲ. ಈಗ ಆಯಿತು. ಏನೋ ಹೇಳಬೇಕೆಂದು ಬಾಯಿ ತೆರೆದ.

ಅಷ್ಟರಲ್ಲಿ ಗಾಯಕ ದನಿ ಏರಿಸಿದ. ಖಾದರ್ ಬಾಷಾ ಕೈ ಎತ್ತುವ ಜಾಗ ಅದು. ವೇದಿಕೆಯ ಆಚೆ ಜನ ಹೋ ಎಂದರು. ಆ ಗಲಾಟೆಯ ಅಡಿಯಲ್ಲಿ, ಇನ್ಯಾರಿಗೂ ಕೇಳಿಸಿರಲಾರದಷ್ಟು ಸಣ್ಣಗೆ, ಯಾವುದೋ ಬಾಕ್ಸು ಗರ ಅಂದಿತು. ಮುನಿರಾಮಯ್ಯನ ಕತ್ತು ತಾನಾಗಿ ತಿರುಗಿತು. ಯಾವುದು ಎಂದು ಅವನಿನ್ನೂ ಕಿವಿಗೊಡುತ್ತಿದ್ದ.

“ಎಡಗಡೆದು,” ಎಂದಳು ಕಲಾವತಿ. “ಹೋಗಿ, ನೋಡ್ಕೊಂಡು ಬನ್ನಿ.” ಮುಂದೆ ಬಂದು ಅವನ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡಳು.